ಫಂಕ್ಷನ್‌ಗೆ ಆರ್ಗ್ಯುಮೆಂಟ್ ಕೊಡುವಾಗ ಆಗುವ ತಪ್ಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಡ್ ಬರೆಯಲು ಕಲಿಯುತ್ತಿರುವವರು ನನ್ನ ಹತ್ತಿರ ತರುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವ ಜಾಗ ಒಂದೇ: ಫಂಕ್ಷನ್ ಹೆಸರಿನ ಮುಂದಿರುವ ಬ್ರಾಕೆಟ್‌ನ ಒಳಗೆ. ಕರೆಯುವವರು ಒಂದು ಅಂದುಕೊಂಡಿರುತ್ತಾರೆ, ಫಂಕ್ಷನ್ ಬರೆದವರು ಇನ್ನೊಂದು ಅಂದುಕೊಂಡಿರುತ್ತಾರೆ. ಎರರ್ ಬಂದರೆ ಪುಣ್ಯ. ಬಾರದೇ ಹೋದಾಗಲೇ ನಿಜವಾದ ಕಷ್ಟ. ಅದಕ್ಕೇ ಕೂಗಿ ಹೇಳುವ ತಪ್ಪುಗಳಿಗಿಂತ ಸದ್ದಿಲ್ಲದ ತಪ್ಪುಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗಳು ಬಹುಪಾಲು ಪೈಥಾನ್‌ನವು. ಪೈಥಾನ್ 3ರಲ್ಲಿ ಫಂಕ್ಷನ್ ಮತ್ತು ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು, ಅವು ಹಾಗೇ ಓಡುತ್ತವೆ. ಡೆಫ್, ರಿಟರ್ನ್, ಕ್ಲಾಸ್ ಮುಂತಾದ ಕೀವರ್ಡ್‌ಗಳನ್ನೂ ಭಾಷೆಯ ಜೊತೆಗೇ ಬರುವ ಹೆಸರುಗಳನ್ನೂ ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವು ರೋಮನ್ ಲಿಪಿಯಲ್ಲೇ ಇರಬೇಕು.

## ಮೊದಲ ಹೆಜ್ಜೆ

ಪ್ಯಾರಾಮೀಟರ್ ಬೇರೆ, ಆರ್ಗ್ಯುಮೆಂಟ್ ಬೇರೆನಾ? ಎಲ್ಲರೂ ಒಂದೇ ಥರ ಬಳಸ್ತಾರಲ್ಲ?

```
ಡೆಫ್ ವಿಸ್ತೀರ್ಣ(ಉದ್ದ, ಅಗಲ):
    ರಿಟರ್ನ್ ಉದ್ದ * ಅಗಲ

ವಿಸ್ತೀರ್ಣ(12, 8)
```

ಮೊದಲ ಸಾಲಿನ ಉದ್ದ, ಅಗಲ ಪ್ಯಾರಾಮೀಟರ್‌ಗಳು. ಕೊನೆಯ ಸಾಲಿನ 12, 8 ಆರ್ಗ್ಯುಮೆಂಟ್‌ಗಳು. ಪ್ಯಾರಾಮೀಟರ್ ಖಾಲಿ ಇಟ್ಟ ಜಾಗ, ಆರ್ಗ್ಯುಮೆಂಟ್ ಆ ಜಾಗಕ್ಕೆ ಬಂದು ಕೂರುವ ಮೌಲ್ಯ. ಮಾತಿನಲ್ಲಿ ಬೆರೆಸಿ ಬಳಸಿದರೆ ಯಾರಿಗೂ ನಷ್ಟವಿಲ್ಲ. ಎರರ್ ಓದುವಾಗ ಮಾತ್ರ ವ್ಯತ್ಯಾಸ ಗೊತ್ತಿರಲಿ, ಏಕೆಂದರೆ ತಿದ್ದಬೇಕಾದದ್ದು ಬರೆದ ಕಡೆಯೋ ಕರೆದ ಕಡೆಯೋ ಎಂಬುದು ಅದರಿಂದಲೇ ತಿಳಿಯುತ್ತದೆ.

"ಮಿಸ್ಸಿಂಗ್ 1 ರಿಕ್ವೈರ್ಡ್ ಪೊಸಿಷನಲ್ ಆರ್ಗ್ಯುಮೆಂಟ್" ಅಂತ ಬರ್ತಿದೆ. ಏನು ಮಾಡಲಿ?

ಸಾಲನ್ನು ಕೊನೆಯವರೆಗೆ ಓದಿ. ಕೊನೆಯಲ್ಲಿ ಕೋಟ್ ಚಿಹ್ನೆಯೊಳಗೆ ಒಂದು ಹೆಸರಿರುತ್ತದೆ, ಉದಾಹರಣೆಗೆ 'ಅಗಲ'. ಯಾವ ಜಾಗ ಖಾಲಿ ಉಳಿಯಿತು ಎಂದು ಪೈಥಾನ್ ಹೆಸರು ಹಿಡಿದು ಹೇಳುತ್ತಿದೆ. ಆಮೇಲೆ ಟ್ರೇಸ್‌ಬ್ಯಾಕ್‌ನಲ್ಲಿ (ಎರರ್ ಎಲ್ಲಿಂದ ಬಂತೆಂದು ತೋರಿಸುವ ಸಾಲುಗಳಲ್ಲಿ) ಒಂದು ಸಾಲು ಮೇಲೆ ನೋಡಿ, ಅಲ್ಲಿ ತೋರಿಸಿರುವುದು ನೀವು ಕರೆದ ಜಾಗ. ಹೆಚ್ಚಿನವರು ಫಂಕ್ಷನ್‌ನ ಒಳಗೆ ಹೋಗಿ ತಪ್ಪು ಹುಡುಕುತ್ತಾರೆ. ಈ ಎರರ್ ಬಂದಾಗ ಫಂಕ್ಷನ್‌ನ ಒಳಗಿನ ಒಂದು ಸಾಲೂ ಓಡಿರುವುದಿಲ್ಲ, ಬಾಗಿಲಲ್ಲೇ ತಡೆದಿದೆ.

ತಿದ್ದುವಾಗ ಒಂದು ಆಮಿಷ ಕಾಡುತ್ತದೆ: ಡೆಫ್ ಸಾಲಿನಲ್ಲಿ ಅಗಲ=0 ಎಂದು ಬರೆದುಬಿಟ್ಟರೆ ಎರರ್ ಮಾಯ. ದಯವಿಟ್ಟು ಹಾಗೆ ಮಾಡಬೇಡಿ. ಅಗಲವಿಲ್ಲದೆ ವಿಸ್ತೀರ್ಣಕ್ಕೆ ಅರ್ಥವಿಲ್ಲ. ಈಗ ಉತ್ತರ ಸದಾ ಸೊನ್ನೆ ಬರುತ್ತದೆ, ಆ ಸೊನ್ನೆ ಮುಂದಿನ ಹತ್ತು ಲೆಕ್ಕಗಳಿಗೆ ಹೋಗಿ ಸೇರುತ್ತದೆ. ಡಿಫಾಲ್ಟ್ (ಕರೆದವರು ಕೊಡದಿದ್ದಾಗ ಬಳಕೆಯಾಗುವ ಮೌಲ್ಯ) ಇಡುವುದು ಆ ಮೌಲ್ಯ ನಿಜವಾಗಿಯೂ ಐಚ್ಛಿಕವಾಗಿದ್ದಾಗ ಮಾತ್ರ.

ಜಾವಾಸ್ಕ್ರಿಪ್ಟ್‌ನಲ್ಲಿ ಈ ರಕ್ಷಣೆ ಇಲ್ಲವೇ ಇಲ್ಲ. ಕೊಡದ ಆರ್ಗ್ಯುಮೆಂಟ್ ಅಲ್ಲಿ ಅನ್‌ಡಿಫೈನ್ಡ್ ಆಗುತ್ತದೆ, 12 ಗುಣಿಸು ಅನ್‌ಡಿಫೈನ್ಡ್ ಎಂದರೆ ನ್ಯಾನ್, ಅಂದರೆ "ಸಂಖ್ಯೆಯಲ್ಲ". ಪರದೆಯ ಮೇಲೆ ನ್ಯಾನ್ ಕಂಡ ಕೂಡಲೇ ನಾನು ಮೊದಲು ನೋಡುವುದು ಯಾವ ಫಂಕ್ಷನ್ ಕರೆಯಲ್ಲಿ ಒಂದು ಮೌಲ್ಯ ಕಡಿಮೆ ಬಿದ್ದಿದೆ ಎಂದು.

ಕೊಟ್ಟಿದ್ದು ಒಂದೇ. ಎರಡು ಕೊಟ್ಟಿದ್ದೀಯ ಅನ್ನುತ್ತೆ. ಇನ್ನೊಂದು ಎಲ್ಲಿಂದ ಬಂತು?

ನೀವು ಕ್ಲಾಸ್‌ನೊಳಗಿನ ಮೆಥಡ್ ಬರೆಯುತ್ತಿದ್ದೀರಿ, ಸೆಲ್ಫ್ ಮರೆತಿದ್ದೀರಿ.

```
ಕ್ಲಾಸ್ ವೃತ್ತ:
    ಡೆಫ್ ಹಿಗ್ಗಿಸು(ಅಂಶ):
        ...

ವ = ವೃತ್ತ()
ವ.ಹಿಗ್ಗಿಸು(2)
```

ಚುಕ್ಕಿಯ ಎಡಗಡೆ ಇರುವ ವ ತಾನಾಗಿಯೇ ಮೊದಲ ಆರ್ಗ್ಯುಮೆಂಟ್ ಆಗಿ ಒಳಗೆ ಹೋಗುತ್ತದೆ. ಅದರ ಹಿಂದೆ 2 ಬರುತ್ತದೆ. ಎರಡು ಬಂದವು, ಜಾಗ ಒಂದೇ ಇದೆ. ಡೆಫ್ ಸಾಲನ್ನು ಹಿಗ್ಗಿಸು(ಸೆಲ್ಫ್, ಅಂಶ) ಎಂದು ತಿದ್ದಿದರೆ ಸರಿಹೋಯಿತು.

ಇದರ ತಲೆಕೆಳಗಾದ ರೂಪವೂ ಉಂಟು: "ಸೆಲ್ಫ್ ಮಿಸ್ಸಿಂಗ್" ಎಂದು ಬರುತ್ತದೆ. ಆಗ ವ = ವೃತ್ತ ಎಂದು ಬರೆದು ಬ್ರಾಕೆಟ್ ಬಿಟ್ಟಿರುತ್ತೀರಿ. ವ ಎಂಬುದು ವೃತ್ತದ ಒಂದು ವಸ್ತುವಲ್ಲ, ಕ್ಲಾಸೇ ಆಗಿರುತ್ತದೆ.

10,000 ಅಂತ ಕೊಟ್ಟರೆ ಯಾಕೆ ಕೆಟ್ಟುಹೋಗುತ್ತೆ?

ನಮ್ಮ ಕಣ್ಣಿಗೆ ಅದು ಹತ್ತು ಸಾವಿರ. ಪೈಥಾನ್‌ಗೆ ಕಾಮಾ ಎಂದರೆ ಆರ್ಗ್ಯುಮೆಂಟ್‌ಗಳ ನಡುವಿನ ಗಡಿ, ಹಾಗಾಗಿ 10 ಒಂದು, 000 ಇನ್ನೊಂದು. ಒಂದೇ ಪ್ಯಾರಾಮೀಟರ್ ಇದ್ದರೆ ಎರರ್ ಬರುತ್ತದೆ. ಎರಡನೆಯದಕ್ಕೆ ಡಿಫಾಲ್ಟ್ ಇದ್ದರೆ ಆ 0 ಸುಮ್ಮನೆ ಅಲ್ಲಿ ಹೋಗಿ ಕೂತುಬಿಡುತ್ತದೆ. 10,050 ಎಂದರೆ ಕಥೆ ಬೇರೆ: ಸೊನ್ನೆಯಿಂದ ಶುರುವಾಗುವ 050 ಪೈಥಾನ್ 3ರಲ್ಲಿ ಸಿಂಟ್ಯಾಕ್ಸ್ ಎರರ್.

10000 ಎಂದೇ ಬರೆಯಿರಿ. ಓದಲು ಬಿಡುವು ಬೇಕಿದ್ದರೆ 10_000 ಎಂದು ಅಡಿಗೆರೆ ಹಾಕಬಹುದು, ಪೈಥಾನ್ 3.6ರಿಂದ ಇದು ಸಲ್ಲುತ್ತದೆ. ಕನ್ನಡ ಅಂಕಿ ಬರೆದರೆ ಹೇಗೆ ಎಂದೂ ಕೇಳುತ್ತಾರೆ. ಕೋಡ್‌ನಲ್ಲಿ ನೇರವಾಗಿ ೧೦ ಎಂದು ಬರೆಯಲಾಗದು. ಆದರೆ ಇಂಟ್("೧೦") ಎಂದು ಸ್ಟ್ರಿಂಗ್ (ಕೋಟ್ ಚಿಹ್ನೆಯೊಳಗಿನ ಪಠ್ಯ) ಆಗಿ ಕೊಟ್ಟರೆ ಪೈಥಾನ್ ಅದನ್ನು 10 ಎಂದೇ ಓದುತ್ತದೆ. ಇದನ್ನು ಮೊದಲ ಸಲ ಓಡಿಸಿ ನೋಡಿದಾಗ ನನಗಾದ ಖುಷಿ ಇನ್ನೂ ನೆನಪಿದೆ.

ಇನ್‌ಪುಟ್‌ನಲ್ಲಿ ಸಂಖ್ಯೆನೇ ಟೈಪ್ ಮಾಡಿದ್ದು. ಉತ್ತರ ಮಾತ್ರ ಏನೇನೋ ಬರುತ್ತೆ.

ಪೈಥಾನ್ 3ರ ಇನ್‌ಪುಟ್ ಫಂಕ್ಷನ್ ಏನು ಟೈಪ್ ಮಾಡಿದರೂ ಸ್ಟ್ರಿಂಗ್ ಆಗಿಯೇ ಕೊಡುತ್ತದೆ. "12" ಅನ್ನು ವಿಸ್ತೀರ್ಣಕ್ಕೆ ಕೊಟ್ಟು, ಅಗಲ 3 ಎಂದು ಸಂಖ್ಯೆಯಾಗಿ ಕೊಟ್ಟರೆ 36 ಬರುವುದಿಲ್ಲ, "121212" ಬರುತ್ತದೆ. ಸ್ಟ್ರಿಂಗನ್ನು ಮೂರರಿಂದ ಗುಣಿಸಿದರೆ ಮೂರು ಸಲ ಜೋಡಿಸು ಎಂದರ್ಥ. ಎರರ್ ಇಲ್ಲ. ಪರಿವರ್ತನೆಯನ್ನು ಮೌಲ್ಯ ಒಳಬರುವ ಜಾಗದಲ್ಲೇ, ಇನ್‌ಪುಟ್ ಪಡೆದ ಸಾಲಿನಲ್ಲೇ ಮುಗಿಸಿಬಿಡಿ. ಪ್ರತಿ ಫಂಕ್ಷನ್‌ನ ಒಳಗೂ ಇಂಟ್, ಫ್ಲೋಟ್ ಹಾಕುತ್ತ ಹೋದರೆ ಯಾವುದು ಪರಿವರ್ತನೆಯಾಗಿದೆ, ಯಾವುದು ಆಗಿಲ್ಲ ಎಂದು ಯಾರಿಗೂ ತಿಳಿಯುವುದಿಲ್ಲ.

## ಕ್ರಮ, ಹೆಸರು, ಡಿಫಾಲ್ಟ್

ಎರರ್ ಇಲ್ಲ, ಉತ್ತರ ತಪ್ಪು. ಆರ್ಗ್ಯುಮೆಂಟ್ ಹಿಂದುಮುಂದಾಗಿದೆಯಾ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು?

ಎರಡೂ ಸಂಖ್ಯೆಗಳಾದರೆ ಯಾವುದು ಮೊದಲು ಬರಬೇಕಿತ್ತು ಎಂದು ಯಂತ್ರಕ್ಕೆ ತಿಳಿಯುವ ದಾರಿಯೇ ಇಲ್ಲ. ಸರಾಸರಿ_ವೇಗ(ದೂರ, ಸಮಯ) ಎಂಬ ಫಂಕ್ಷನ್‌ಗೆ 120, 2 ಕೊಟ್ಟರೆ 60. ಅದನ್ನೇ 2, 120 ಎಂದು ಕೊಟ್ಟರೆ 0.0166 ಚಿಲ್ಲರೆ. ಎರಡೂ ಸರಿಯಾದ ಭಾಗಾಕಾರಗಳೇ.

ಪರೀಕ್ಷೆಗೆ ಕೊಡುವ ಸಂಖ್ಯೆಗಳಲ್ಲೇ ಈ ತಪ್ಪು ಅಡಗಿರುತ್ತದೆ. ವೇಗದ ಫಂಕ್ಷನನ್ನು 5, 5 ಕೊಟ್ಟು ಪರೀಕ್ಷಿಸಿದರೆ ಅದಲುಬದಲು ಎಂದಿಗೂ ಕಾಣಿಸದು. ವಿಸ್ತೀರ್ಣದಂಥ ಗುಣಾಕಾರವೂ ಹಾಗೆಯೇ, 12 × 8 ಮತ್ತು 8 × 12 ಒಂದೇ. ಹಾಗಾಗಿ ಪರೀಕ್ಷೆಯ ಮೌಲ್ಯಗಳು ಒಂದಕ್ಕೊಂದು ಬೇರೆಯಿರಲಿ, ಉತ್ತರ ಬಾಯಿಲೆಕ್ಕಕ್ಕೆ ಸಿಗುವಂತಿರಲಿ.

ಭಾಷೆಗಳ ಜೊತೆಗೆ ಬರುವ ಫಂಕ್ಷನ್‌ಗಳಲ್ಲೂ ಈ ಗುಂಡಿಗಳಿವೆ. ಎಟ್ಯಾನ್2 ಎಂಬ ಕೋನದ ಫಂಕ್ಷನ್ ಮೊದಲು ವೈ ಕೇಳುತ್ತದೆ, ಆಮೇಲೆ ಎಕ್ಸ್. ಗಣಿತದಲ್ಲಿ ಎಕ್ಸ್, ವೈ ಎಂದು ಬರೆದು ಪಳಗಿದ ಕೈ ಅಲ್ಲಿ ತಪ್ಪುತ್ತದೆ. ಪಿಎಚ್‌ಪಿಯಲ್ಲಿ ಸ್ಟ್ರಿಂಗ್‌ನೊಳಗೆ ಹುಡುಕುವ ಸ್ಟ್ರ್‌ಪಾಸ್ ಮೊದಲು ಹುಡುಕುವ ಜಾಗವನ್ನು ಕೇಳುತ್ತದೆ. ಅರೇಯೊಳಗೆ ಹುಡುಕುವ ಇನ್_ಅರೇ ಮೊದಲು ಹುಡುಕುವ ವಸ್ತುವನ್ನು ಕೇಳುತ್ತದೆ. ಸಿ ಭಾಷೆಯಲ್ಲಿ ಮೆಮೊರಿಗೆ ಮೌಲ್ಯ ತುಂಬುವ ಮೆಮ್‌ಸೆಟ್‌ನ ಕ್ರಮ ಗುರಿ, ತುಂಬುವ ಮೌಲ್ಯ, ಗಾತ್ರ. ಸೊನ್ನೆ ತುಂಬಲು ಹೋಗಿ ಕೊನೆಯ ಎರಡನ್ನು ಅದಲುಬದಲು ಮಾಡಿದರೆ ಗಾತ್ರ ಸೊನ್ನೆಯಾಗುತ್ತದೆ, ಒಂದು ಬೈಟೂ ಬದಲಾಗುವುದಿಲ್ಲ. ಈ ತಪ್ಪು ಎಷ್ಟು ಸಾಮಾನ್ಯವೆಂದರೆ ಜಿಸಿಸಿ ಕಂಪೈಲರ್‌ನಲ್ಲಿ ಇದಕ್ಕೆಂದೇ ಒಂದು ಎಚ್ಚರಿಕೆಯ ಸಂದೇಶವಿದೆ.

ಪೈಥಾನ್‌ನಲ್ಲಿ ಮದ್ದು ಸುಲಭ: ಹೆಸರು ಹಿಡಿದು ಕೊಡಿ. ಸರಾಸರಿ_ವೇಗ(ದೂರ=120, ಸಮಯ=2) ಎಂದರೆ ಕ್ರಮದ ಪ್ರಶ್ನೆಯೇ ಏಳದು. ಪಿಎಚ್‌ಪಿಗೂ 2020ರಲ್ಲಿ, 8.0 ಆವೃತ್ತಿಯೊಂದಿಗೆ ಈ ಸೌಲಭ್ಯ ಬಂತು.

"ಅನೆಕ್ಸ್‌ಪೆಕ್ಟೆಡ್ ಕೀವರ್ಡ್ ಆರ್ಗ್ಯುಮೆಂಟ್" ಅಂದರೆ?

ನೀವು ಹೇಳಿದ ಹೆಸರಿನ ಪ್ಯಾರಾಮೀಟರ್ ಅಲ್ಲಿ ಇಲ್ಲ. ಹೆಚ್ಚಾಗಿ ಕಾಗುಣಿತದ ತಪ್ಪು. ಪೈಥಾನ್ 3.13ರಿಂದ ಹತ್ತಿರದ ಹೆಸರೊಂದಿದ್ದರೆ "ಇದನ್ನೇ ಹೇಳಿದಿರಾ" ಎಂಬ ಸೂಚನೆಯೂ ಎರರ್ ಜೊತೆ ಬರಬಹುದು. ಕಾಗುಣಿತ ಸರಿಯಿದ್ದೂ ಬಂದರೆ ನೀವು ಓದುತ್ತಿರುವ ದಾಖಲೆ ಲೈಬ್ರರಿಯ ಒಂದು ಆವೃತ್ತಿಯದು, ನಿಮ್ಮ ಯಂತ್ರದಲ್ಲಿರುವುದು ಇನ್ನೊಂದು. ಹೆಲ್ಪ್(ಫಂಕ್ಷನ್_ಹೆಸರು) ಎಂದು ಓಡಿಸಿ; ನಿಮ್ಮ ಯಂತ್ರದಲ್ಲಿರುವ ಫಂಕ್ಷನ್ ಏನನ್ನು ಒಪ್ಪುತ್ತದೆ ಎಂದು ಅದೇ ಹೇಳುತ್ತದೆ.

"ಮಲ್ಟಿಪಲ್ ವ್ಯಾಲ್ಯೂಸ್ ಫಾರ್ ಆರ್ಗ್ಯುಮೆಂಟ್" ಅಂತ ಬಂತು, ನಾನು ಒಂದೇ ಸಲ ಕೊಟ್ಟಿದ್ದು.

ವಿಸ್ತೀರ್ಣ(12, ಉದ್ದ=8) ಎಂದು ಬರೆದಿರುತ್ತೀರಿ. 12 ಸ್ಥಾನದ ಲೆಕ್ಕದಲ್ಲಿ ಆಗಲೇ ಉದ್ದದ ಜಾಗಕ್ಕೆ ಹೋಗಿ ಕೂತಿದೆ, ಅದೇ ಜಾಗಕ್ಕೆ ಹೆಸರು ಹೇಳಿ 8 ಅನ್ನೂ ಕಳಿಸಿದಿರಿ. ಅಗಲ=8 ಎಂದು ತಿದ್ದಿ. ಮೆಥಡ್‌ನಲ್ಲಿ ಸೆಲ್ಫ್ ಮರೆತಾಗಲೂ ಇದೇ ಎರರ್ ವೇಷ ಬದಲಿಸಿ ಬರುವುದುಂಟು.

ಪ್ರತಿ ಸಲ ಹೊಸ ಲಿಸ್ಟ್ ಬರಬೇಕಿತ್ತು. ಹಳೇದೆಲ್ಲ ಅದರಲ್ಲೇ ಇದೆ, ಯಾಕೆ?

ಪೈಥಾನ್ ಕಲಿತ ಪ್ರತಿಯೊಬ್ಬರೂ ಒಮ್ಮೆ ಈ ಗುಂಡಿಗೆ ಬಿದ್ದಿರುತ್ತಾರೆ.

```
ಡೆಫ್ ಸೇರಿಸು(ಬಣ್ಣ, ಪಟ್ಟಿ=[]):
    ಪಟ್ಟಿ.ಅಪೆಂಡ್(ಬಣ್ಣ)
    ರಿಟರ್ನ್ ಪಟ್ಟಿ

ಸೇರಿಸು("ಕೆಂಪು")   # ["ಕೆಂಪು"]
ಸೇರಿಸು("ನೀಲಿ")    # ["ಕೆಂಪು", "ನೀಲಿ"]
```

ಡೆಫ್ ಸಾಲು ಓಡುವುದು ಒಂದೇ ಸಲ. ಆಗಲೇ ಆ ಖಾಲಿ ಲಿಸ್ಟ್ ಹುಟ್ಟಿ ಫಂಕ್ಷನ್‌ಗೆ ಅಂಟಿಕೊಳ್ಳುತ್ತದೆ. ಆಮೇಲೆ ಪಟ್ಟಿ ಕೊಡದೆ ಎಷ್ಟು ಸಲ ಕರೆದರೂ ಅದೇ ಲಿಸ್ಟ್ ಕೈಗೆ ಬರುತ್ತದೆ. ಎರಡನೇ ಕರೆಯಲ್ಲಿ ಕೆಂಪು ಇರುವುದು ಮೊದಲ ಕರೆ ಅದನ್ನು ಅಲ್ಲಿಟ್ಟು ಹೋದದ್ದರಿಂದ.

ನಾನು ಬರೆದ ಒಂದು ವರದಿ ತಯಾರಿಸುವ ಕೋಡ್‌ನಲ್ಲಿ ಇದು ಎರಡು ದಿನ ತಿಂದಿತು. ಒಂದೊಂದೇ ವರದಿ ಪರೀಕ್ಷಿಸಿದಾಗ ಎಲ್ಲ ಸರಿ, ಸಾಲಾಗಿ ಓಡಿಸಿದಾಗ ಒಬ್ಬರ ಸಾಲುಗಳು ಇನ್ನೊಬ್ಬರ ವರದಿಯಲ್ಲಿ. ಒಂಟಿಯಾಗಿ ಸರಿಯಿದ್ದು ಸಾಲಿನಲ್ಲಿ ಕೆಡುವ ಕೋಡ್ ಕಂಡರೆ ಈಗ ನಾನು ಬೇರೇನೂ ನೋಡುವ ಮೊದಲು ಡೆಫ್ ಸಾಲುಗಳಲ್ಲಿ ಖಾಲಿ ಲಿಸ್ಟ್, ಖಾಲಿ ಡಿಕ್ಷನರಿ ಹುಡುಕುತ್ತೇನೆ.

ಪರಿಹಾರ, ಡಿಫಾಲ್ಟ್ ಆಗಿ ನನ್ ("ಏನೂ ಇಲ್ಲ" ಎಂಬ ಮೌಲ್ಯ) ಇಟ್ಟು ಒಳಗೆ ಹೊಸ ಲಿಸ್ಟ್ ಮಾಡುವುದು:

```
ಡೆಫ್ ಸೇರಿಸು(ಬಣ್ಣ, ಪಟ್ಟಿ=ನನ್):
    ಇಫ್ ಪಟ್ಟಿ ಈಸ್ ನನ್:
        ಪಟ್ಟಿ = []
    ಪಟ್ಟಿ.ಅಪೆಂಡ್(ಬಣ್ಣ)
    ರಿಟರ್ನ್ ಪಟ್ಟಿ
```

ಇಲ್ಲೂ ಒಂದು ಅಡ್ಡದಾರಿ ಇದೆ: ಪಟ್ಟಿ = ಪಟ್ಟಿ ಆರ್ [] ಎಂದು ಒಂದೇ ಸಾಲಿನಲ್ಲಿ ಬರೆಯುವುದು. ಕರೆದವರು ತಮ್ಮದೇ ಖಾಲಿ ಲಿಸ್ಟ್ ಕೊಟ್ಟಾಗ ಅದು ಸುಳ್ಳೆಂದು ಎಣಿಕೆಯಾಗಿ, ನೀವು ಬೇರೆ ಲಿಸ್ಟ್‌ಗೆ ತುಂಬುತ್ತೀರಿ. ಅವರದು ಖಾಲಿಯೇ ಉಳಿಯುತ್ತದೆ. ಈಸ್ ನನ್ ಎಂದು ಪೂರ್ತಿ ಬರೆಯುವುದೇ ಕ್ಷೇಮ. ಡಿಫಾಲ್ಟ್ ಆಗಿ ಈಗಿನ ಸಮಯ ಕೊಡುವ ಫಂಕ್ಷನನ್ನು ಕರೆದರೂ ಇದೇ ಪಾಡು, ಪ್ರೋಗ್ರಾಂ ಶುರುವಾದ ಗಳಿಗೆಯೇ ಕೊನೆಯವರೆಗೂ ಉಳಿಯುತ್ತದೆ. ಜಾವಾಸ್ಕ್ರಿಪ್ಟ್‌ನಿಂದ ಬಂದವರಿಗೆ ಇದು ಇನ್ನೂ ವಿಚಿತ್ರವೆನಿಸುತ್ತದೆ, ಏಕೆಂದರೆ ಅಲ್ಲಿ ಡಿಫಾಲ್ಟ್ ಪ್ರತಿ ಕರೆಯಲ್ಲೂ ಹೊಸದಾಗಿ ಲೆಕ್ಕವಾಗುತ್ತದೆ.

## ಕಟ್ಟು ಬಿಚ್ಚಿ ಕೊಡುವುದು

ಲಿಸ್ಟ್‌ನಲ್ಲಿ ಎರಡೂ ಮೌಲ್ಯ ಇವೆ. ಆದರೂ ಒಂದು ಕಡಿಮೆ ಅನ್ನುತ್ತೆ.

ಅಳತೆ = [12, 8] ಎಂದಿದ್ದು ವಿಸ್ತೀರ್ಣ(ಅಳತೆ) ಎಂದರೆ ಒಳಗೆ ಹೋಗುವುದು ಒಂದೇ ವಸ್ತು: ಇಡೀ ಲಿಸ್ಟ್. ಕಟ್ಟು ಬಿಚ್ಚಿ ಕೊಡಲು ನಕ್ಷತ್ರ ಹಾಕಿ: ವಿಸ್ತೀರ್ಣ(*ಅಳತೆ). ಡಿಕ್ಷನರಿಯಾದರೆ ಎರಡು ನಕ್ಷತ್ರ: ವಿಸ್ತೀರ್ಣ(**ಅಳತೆ), ಆಗ ಕೀಗಳ ಹೆಸರು ಪ್ಯಾರಾಮೀಟರ್‌ಗಳ ಹೆಸರಿಗೆ ಹೊಂದಬೇಕು. ಡಿಕ್ಷನರಿಗೆ ಒಂದೇ ನಕ್ಷತ್ರ ಹಾಕಿದರೆ ಮೌಲ್ಯಗಳ ಬದಲು "ಉದ್ದ", "ಅಗಲ" ಎಂಬ ಕೀಗಳೇ ಒಳಗೆ ಹೋಗುತ್ತವೆ. ಸ್ಟ್ರಿಂಗನ್ನು ಸ್ಟ್ರಿಂಗ್‌ನಿಂದ ಗುಣಿಸಲಾಗದು ಎಂಬ ಎರರ್ ಕಂಡು ಗಾಬರಿಯಾಗುವುದು ಆಗಲೇ.

ಕೆಲವು ಫಂಕ್ಷನ್‌ಗಳು ಕಟ್ಟನ್ನೇ ಕೇಳುತ್ತವೆ. ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈನಲ್ಲಿ ಸೊನ್ನೆಗಳ ಕೋಷ್ಟಕ ಮಾಡುವ ಜೀರೋಸ್‌ಗೆ ಎರಡು ಸಾಲು ಮೂರು ಕಂಬ ಬೇಕೆಂದು ಜೀರೋಸ್(2, 3) ಎಂದು ಬರೆದರೆ, ಎರಡನೇ ಆರ್ಗ್ಯುಮೆಂಟ್ ಡೇಟಾ ಟೈಪ್ ಆದ್ದರಿಂದ 3 ಯಾವ ಟೈಪ್ ಎಂದು ತಿಳಿಯದೆ ಅದು ನಿಲ್ಲುತ್ತದೆ. ಜೀರೋಸ್((2, 3)) ಎಂದು ಬ್ರಾಕೆಟ್‌ನೊಳಗೆ ಬ್ರಾಕೆಟ್ ಹಾಕಬೇಕು.

ಥ್ರೆಡ್‌ಗೆ ಒಂದೇ ಪದ ಕೊಟ್ಟೆ. "4 ವರ್ ಗಿವನ್" ಅಂತಿದೆ!

```
ಥ್ರೆಡ್(ಟಾರ್ಗೆಟ್=ತೋರಿಸು, ಆರ್ಗ್ಸ್=("ಬಣ್ಣ"))
```

ಥ್ರೆಡ್ ಎಂದರೆ ಒಂದು ಫಂಕ್ಷನನ್ನು ಉಳಿದ ಕೋಡ್‌ನ ಜೊತೆಜೊತೆಗೇ ಓಡಿಸುವ ವಿಧಾನ; ಆರ್ಗ್ಯುಮೆಂಟ್‌ಗಳನ್ನು ಅದಕ್ಕೆ ಟಪಲ್ (ಮೌಲ್ಯಗಳ ಕಟ್ಟು) ಆಗಿ ಕೊಡಬೇಕು. ಒಂದು ವಸ್ತುವನ್ನು ಬ್ರಾಕೆಟ್‌ನಲ್ಲಿ ಇಟ್ಟ ಮಾತ್ರಕ್ಕೆ ಟಪಲ್ ಆಗದು. ಟಪಲ್ ಮಾಡುವುದು ಕಾಮಾ. ಇಲ್ಲಿ ಕಾಮಾ ಇಲ್ಲ, ಹಾಗಾಗಿ ಆರ್ಗ್ಸ್‌ಗೆ ಹೋದದ್ದು ಬರಿಯ ಸ್ಟ್ರಿಂಗ್. ಥ್ರೆಡ್ ಅದನ್ನು ಒಂದೊಂದು ಅಕ್ಷರವಾಗಿ ಬಿಚ್ಚಿ ನಿಮ್ಮ ಫಂಕ್ಷನ್‌ಗೆ ಕೊಡುತ್ತದೆ.

ಹಾಗಾದರೆ ಬಣ್ಣ ಎಂಬ ಪದದಲ್ಲಿ ನಾಲ್ಕು ಎಲ್ಲಿವೆ? ನಮಗೆ ಕಾಣುವುದು ಬ, ಣ್ಣ ಎಂಬ ಎರಡು ಅಕ್ಷರ. ಯೂನಿಕೋಡ್ ಎಣಿಸುವುದು ಬ, ಣ, ಹಲಂತ ಚಿಹ್ನೆ, ಮತ್ತೆ ಣ. ಕನ್ನಡ ಪಠ್ಯದ ಜೊತೆ ಕೆಲಸ ಮಾಡುವವರಿಗೆ ಈ ಎರರ್ ಇಂಗ್ಲಿಷ್ ಪದಕ್ಕಿಂತ ಹೆಚ್ಚು ಗೊಂದಲ ತರುವುದು ಈ ಕಾರಣಕ್ಕೇ, ಎರರ್ ಹೇಳುವ ಸಂಖ್ಯೆ ಕಣ್ಣಿಗೆ ಕಾಣುವ ಯಾವುದಕ್ಕೂ ಹೊಂದುವುದಿಲ್ಲ. ಆರ್ಗ್ಸ್=("ಬಣ್ಣ",) ಎಂದು ಒಂದು ಕಾಮಾ ಸೇರಿಸಿ.

## ಒಳಗೆ ಬದಲಿಸಿದ್ದು ಹೊರಗೆ

ಸಂಖ್ಯೆನ ಫಂಕ್ಷನ್ ಒಳಗೆ ಬದಲಿಸಿದರೆ ಹೊರಗೆ ಬದಲಾಗಲ್ಲ, ಲಿಸ್ಟ್ ಮಾತ್ರ ಬದಲಾಗುತ್ತೆ. ಏನಿದು ಭೇದ?

ಪೈಥಾನ್ ಎರಡಕ್ಕೂ ಒಂದೇ ನಿಯಮ ಹಚ್ಚುತ್ತದೆ. ಫಂಕ್ಷನ್‌ನ ಒಳಗಿನ ಹೆಸರು ಹೊರಗಿನ ವಸ್ತುವನ್ನೇ ಬೆರಳು ಮಾಡಿ ತೋರಿಸುತ್ತದೆ, ನಕಲು ಆಗುವುದಿಲ್ಲ. ಇದಕ್ಕೆ ಕಾಲ್ ಬೈ ಶೇರಿಂಗ್ ಎಂಬ ಹೆಸರಿದೆ. 1970ರ ದಶಕದಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಸಂಗಡಿಗರು ರೂಪಿಸಿದ ಸಿಎಲ್‌ಯು ಭಾಷೆಯಿಂದ ಬಂದ ಮಾತು ಅದು.

ಭೇದ ಇರುವುದು ನೀವು ಒಳಗೆ ಮಾಡುವ ಕೆಲಸದಲ್ಲಿ. ಸಂಖ್ಯೆ = ಸಂಖ್ಯೆ + 1 ಎಂದಾಗ ಹೊಸ ವಸ್ತು ಹುಟ್ಟಿ ಒಳಗಿನ ಹೆಸರು ಅದರತ್ತ ತಿರುಗುತ್ತದೆ, ಹೊರಗಿನ ಹೆಸರು ಹಳೆಯದನ್ನೇ ತೋರಿಸುತ್ತಿರುತ್ತದೆ. ಪಟ್ಟಿ.ಅಪೆಂಡ್(5) ಎಂದಾಗ ಹೆಸರು ಎಲ್ಲೂ ತಿರುಗಲಿಲ್ಲ, ಹಂಚಿಕೊಂಡ ಆ ಒಂದೇ ವಸ್ತು ಬದಲಾಯಿತು. ಪಟ್ಟಿ = ಪಟ್ಟಿ + [5] ಎಂದು ಬರೆದು ನೋಡಿ, ಹೊರಗಿನ ಲಿಸ್ಟ್ ಬದಲಾಗದು. ಪಟ್ಟಿ += [5] ಎಂದರೆ ಬದಲಾಗುತ್ತದೆ! ನೋಡಲು ಒಂದೇ ಥರ ಇರುವ ಈ ಎರಡು ಸಾಲುಗಳ ವ್ಯತ್ಯಾಸ ಓದಿ ತಿಳಿಯುವುದಕ್ಕಿಂತ ಓಡಿಸಿ ನೋಡಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಹೊರಗಿನದು ಬದಲಾಗಬೇಕಿದ್ದರೆ ಹೊಸ ಮೌಲ್ಯವನ್ನು ರಿಟರ್ನ್ ಮಾಡಿ, ಕರೆದ ಕಡೆ ಹಿಡಿದುಕೊಳ್ಳಿ. ಬದಲಾಗಬಾರದೆಂದಿದ್ದರೆ ನಕಲು ಮಾಡಿ ಕೊಡಿ. ಲಿಸ್ಟ್‌ನೊಳಗೆ ಲಿಸ್ಟ್ ಇದ್ದರೆ ಸಾದಾ ಕಾಪಿ ಸಾಲದು, ಹೊರಗಿನ ಪದರ ಮಾತ್ರ ನಕಲಾಗುತ್ತದೆ, ಡೀಪ್‌ಕಾಪಿ ಬೇಕು. ಜಾವಾದವರೂ ಇದೇ ಗೊಂದಲ ತರುತ್ತಾರೆ. ಅಲ್ಲಿ ಎಲ್ಲವೂ ಮೌಲ್ಯದ ನಕಲೇ, ವಸ್ತುಗಳ ವಿಷಯದಲ್ಲಿ ನಕಲಾಗುವ ಮೌಲ್ಯ ಅವುಗಳ ವಿಳಾಸ. ಅದಕ್ಕೇ ಎರಡು ವೇರಿಯಬಲ್‌ಗಳನ್ನು ಅದಲುಬದಲು ಮಾಡುವ ಫಂಕ್ಷನ್ ಜಾವಾದಲ್ಲಿ ಬರೆದರೂ ಹೊರಗೆ ಏನೂ ಆಗದು.

ಸಿ ಭಾಷೆಯಲ್ಲಿ ಅರೇ ಉದ್ದ ಫಂಕ್ಷನ್ ಒಳಗೆ ತಪ್ಪು ಬರುತ್ತೆ.

ಹತ್ತು ಇಂಟ್‌ಗಳ ಅರೇ. ಹೊರಗೆ ಸೈಜ್‌ಆಫ್ ಕೇಳಿದರೆ 40 ಬೈಟ್, ಒಂದು ಇಂಟ್‌ನ 4ರಿಂದ ಭಾಗಿಸಿದರೆ 10. ಅದೇ ಲೆಕ್ಕವನ್ನು ಫಂಕ್ಷನ್‌ನ ಒಳಗೆ ಮಾಡಿದರೆ 2. ಏಕೆಂದರೆ ಅರೇಯನ್ನು ಕೊಟ್ಟಾಗ ಹೋಗುವುದು ಅದರ ಮೊದಲ ಅಂಶದ ಪಾಯಿಂಟರ್ (ಮೆಮೊರಿಯ ವಿಳಾಸ) ಮಾತ್ರ. ಇಂದಿನ ಸಾಮಾನ್ಯ 64 ಬಿಟ್ ಯಂತ್ರಗಳಲ್ಲಿ ಪಾಯಿಂಟರ್‌ನ ಅಳತೆ 8 ಬೈಟ್, 8 ಭಾಗಿಸು 4 ಎಂದರೆ 2. ಲೂಪ್ ಎರಡೇ ಅಂಶಗಳಿಗೆ ನಿಂತುಹೋಗುತ್ತಿದ್ದರೆ ಇದೇ ಕಾರಣ. ಉದ್ದವನ್ನು ಬೇರೆ ಆರ್ಗ್ಯುಮೆಂಟ್ ಆಗಿ ಕೊಡುವುದೇ ಸಿ ಭಾಷೆಯ ರೂಢಿ.

ಟೈಪ್ ಮಾಡಿದ್ದನ್ನು ಓದುವ ಸ್ಕ್ಯಾನ್‌ಎಫ್‌ಗೆ & ಹಾಕದೆ ಸಂಖ್ಯೆಯನ್ನು ಕೊಡುವುದು ಈ ನೆರೆಯಲ್ಲೇ ಇರುವ ಇನ್ನೊಂದು ತಪ್ಪು. ಅದಕ್ಕೆ ಬೇಕಿರುವುದು ಎಲ್ಲಿ ಬರೆಯಬೇಕೆಂಬ ವಿಳಾಸ. ನೀವು ಕೊಟ್ಟದ್ದು ಅಲ್ಲಿದ್ದ ಮೌಲ್ಯ. ಕಂಪೈಲರ್‌ನ ಎಚ್ಚರಿಕೆಗಳನ್ನೆಲ್ಲ ತೆರೆದಿಟ್ಟರೆ ಇದು ಕಂಪೈಲ್ ಹಂತದಲ್ಲೇ ಸಿಕ್ಕಿಬೀಳುತ್ತದೆ.

## ಫಂಕ್ಷನನ್ನೇ ಆರ್ಗ್ಯುಮೆಂಟ್ ಆಗಿ ಕೊಡುವಾಗ

ಬಟನ್ ಒತ್ತೋ ಮೊದಲೇ ಫಂಕ್ಷನ್ ಓಡುತ್ತೆ. ಒತ್ತಿದರೆ ಏನೂ ಆಗಲ್ಲ.

ಉಳಿಸು ಎಂದರೆ ಫಂಕ್ಷನ್, ಉಳಿಸು() ಎಂದರೆ ಅದನ್ನು ಈಗಲೇ ಓಡಿಸಿ ಬಂದ ಉತ್ತರ. ಬಟನ್‌ಗೆ ಕಮಾಂಡ್=ಉಳಿಸು() ಎಂದು ಕೊಟ್ಟರೆ ಬಟನ್ ತಯಾರಾಗುವಾಗಲೇ ಕೆಲಸ ಮುಗಿದು, ಬಟನ್‌ನ ಕೈಗೆ ಸಿಗುವುದು ನನ್. ಬ್ರಾಕೆಟ್ ತೆಗೆದು ಕಮಾಂಡ್=ಉಳಿಸು ಎಂದು ಕೊಡಿ. ಆರ್ಗ್ಯುಮೆಂಟ್ ಕೂಡ ಕಳಿಸಬೇಕಿದ್ದರೆ ಲ್ಯಾಂಬ್ಡಾ: ಉಳಿಸು(ಕಡತ) ಎಂದು ಹೆಸರಿಲ್ಲದ ಪುಟ್ಟ ಫಂಕ್ಷನ್‌ನಲ್ಲಿ ಸುತ್ತಿ ಕೊಡಬೇಕು. ಫಂಕ್ಷನನ್ನು ಸ್ವಲ್ಪ ಹೊತ್ತಿನ ನಂತರ ಓಡಿಸುವ ಜಾವಾಸ್ಕ್ರಿಪ್ಟ್‌ನ ಸೆಟ್‌ಟೈಮ್‌ಔಟ್‌ನಲ್ಲೂ ಇದೇ ತಪ್ಪು, ಇದೇ ಮದ್ದು.

ಲೂಪ್ ಹಾಕಿ ಮೂರು ಬಟನ್ ಮಾಡಿದೆ. ಮೂರೂ ಕೊನೆಯ ಸಂಖ್ಯೆನೇ ತೋರಿಸುತ್ತವೆ.

ಲ್ಯಾಂಬ್ಡಾ: ತೋರಿಸು(ಸಂಖ್ಯೆ) ಎಂಬುದು ಸಂಖ್ಯೆಯ ಅಂದಿನ ಮೌಲ್ಯವನ್ನು ಹಿಡಿದಿಡುವುದಿಲ್ಲ, ಆ ಹೆಸರನ್ನು ನೆನಪಿಡುತ್ತದೆ. ಬಟನ್ ಒತ್ತುವ ಹೊತ್ತಿಗೆ ಲೂಪ್ ಮುಗಿದಿದೆ, ಹೆಸರು ಕೊನೆಯ ಮೌಲ್ಯದ ಮೇಲೆ ನಿಂತಿದೆ. ಲ್ಯಾಂಬ್ಡಾ ಸಂಖ್ಯೆ=ಸಂಖ್ಯೆ: ತೋರಿಸು(ಸಂಖ್ಯೆ) ಎಂದು ಬರೆದರೆ ಡಿಫಾಲ್ಟ್ ಆಗಿ ಅಂದಿನ ಮೌಲ್ಯ ಉಳಿಯುತ್ತದೆ. ಮೇಲೆ ಲಿಸ್ಟ್ ವಿಷಯದಲ್ಲಿ ಕಾಡಿದ ಗುಣವೇ ಇಲ್ಲಿ ನೆರವಿಗೆ ಬಂತು.

ಆದರೆ ಕೆಲವು ಲೈಬ್ರರಿಗಳು ಬಟನ್ ಒತ್ತಿದಾಗ ತಾವಾಗಿ ಒಂದು ಆರ್ಗ್ಯುಮೆಂಟ್ ಕಳಿಸುತ್ತವೆ. ಕ್ಯೂಟಿಯ ಕ್ಲಿಕ್ಡ್ ಸಿಗ್ನಲ್ ಹೀಗೆಯೇ, ಅದು ಕಳಿಸುವ ಫಾಲ್ಸ್ ಬಂದು ನಿಮ್ಮ ಸಂಖ್ಯೆಯ ಜಾಗದಲ್ಲಿ ಕೂರಬಹುದು. ಅಂಥ ಕಡೆ ಆ ಒಂದಕ್ಕೂ ಮೊದಲಲ್ಲಿ ಜಾಗ ಬಿಡಿ. ಜಾವಾಸ್ಕ್ರಿಪ್ಟ್‌ನಲ್ಲಿ ವಾರ್ ಬದಲು ಲೆಟ್ ಬಳಸಿದರೆ ಲೂಪ್‌ನ ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಸಿಗುತ್ತದೆ, ಸಮಸ್ಯೆಯೇ ಇಲ್ಲ.

["10", "10", "10"] ಮೇಲೆ ಮ್ಯಾಪ್(ಪಾರ್ಸ್‌ಇಂಟ್) ಓಡಿಸಿದರೆ 10, ನ್ಯಾನ್, 2 ಬರುತ್ತೆ. ಇದು ಬಗ್ಗಾ?

ಅಲ್ಲ. ಜಾವಾಸ್ಕ್ರಿಪ್ಟ್‌ನ ಮ್ಯಾಪ್ ನಿಮ್ಮ ಫಂಕ್ಷನ್‌ಗೆ ಮೂರು ಆರ್ಗ್ಯುಮೆಂಟ್ ಕೊಡುತ್ತದೆ: ಅಂಶ, ಅದರ ಸ್ಥಾನ, ಇಡೀ ಅರೇ. ಪಾರ್ಸ್‌ಇಂಟ್ ಎರಡನ್ನು ತೆಗೆದುಕೊಳ್ಳುತ್ತದೆ: ಸ್ಟ್ರಿಂಗ್, ಸಂಖ್ಯಾಪದ್ಧತಿಯ ಆಧಾರ. ಹೀಗೆ ಸ್ಥಾನ ಹೋಗಿ ಆಧಾರದ ಕುರ್ಚಿಯಲ್ಲಿ ಕೂತಿತು. ಆಧಾರ 0 ಎಂದರೆ ಕೊಡದಿದ್ದಂತೆ, 10 ಬಂತು. ಆಧಾರ 1 ಎಂಬುದೊಂದು ಇಲ್ಲ, ನ್ಯಾನ್. ಆಧಾರ 2ರಲ್ಲಿ "10" ಎಂದರೆ ಎರಡು. ಹೆಚ್ಚಾದ ಆರ್ಗ್ಯುಮೆಂಟನ್ನು ಜಾವಾಸ್ಕ್ರಿಪ್ಟ್ ತಡೆಯದೇ ಇರುವುದರ ಪರಿಣಾಮ ಇದು. ಒಂದೇ ಆರ್ಗ್ಯುಮೆಂಟ್ ಪಡೆದು ಅದನ್ನಷ್ಟೇ ಪಾರ್ಸ್‌ಇಂಟ್‌ಗೆ 10 ಎಂಬ ಆಧಾರದೊಂದಿಗೆ ದಾಟಿಸುವ ಪುಟ್ಟ ಫಂಕ್ಷನ್ ಬರೆದು ಮ್ಯಾಪ್‌ಗೆ ಕೊಡಿ.

## ತಪ್ಪು ಆಗದಂತೆ ಫಂಕ್ಷನ್ ಬರೆಯುವುದು

ನನ್ನ ಫಂಕ್ಷನ್‌ಗೆ ಎಂಟು ಪ್ಯಾರಾಮೀಟರ್ ಆಗಿವೆ. ಕರೆಯೋರೆಲ್ಲ ತಪ್ಪು ಮಾಡ್ತಾರೆ.

ಕರೆಯುವವರ ತಪ್ಪಲ್ಲ ಅದು. ವರದಿ(ಕಡತ, ಟ್ರೂ, ಫಾಲ್ಸ್, ಟ್ರೂ) ಎಂಬ ಸಾಲನ್ನು ಆರು ತಿಂಗಳ ನಂತರ ಬರೆದವರೇ ಓದಲಾರರು. ಡೆಫ್ ಸಾಲಿನಲ್ಲಿ ಒಂಟಿ ನಕ್ಷತ್ರ ಹಾಕಿ: ವರದಿ(ಕಡತ, *, ಶೀರ್ಷಿಕೆ, ಬಣ್ಣ=ಫಾಲ್ಸ್). ನಕ್ಷತ್ರದ ನಂತರದವನ್ನು ಹೆಸರು ಹೇಳಿಯೇ ಕೊಡಬೇಕು, ಇಲ್ಲದಿದ್ದರೆ ಎರರ್. ಪೈಥಾನ್ 3ರಲ್ಲಿ ಮೊದಲಿನಿಂದಲೂ ಇರುವ ಈ ಸೌಲಭ್ಯವನ್ನು ಬಳಸುವವರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ. ಇದರ ಜೋಡಿಯಾದ ಓರೆಗೆರೆ (/) 3.8ರಲ್ಲಿ ಬಂತು, ಅದರ ಹಿಂದಿನವನ್ನು ಸ್ಥಾನದಿಂದಲೇ ಕೊಡಬೇಕು, ಹೆಸರಿನಿಂದ ಕೊಡಲಾಗದು. ಸದಾ ಒಟ್ಟಿಗೇ ಓಡಾಡುವ ನಾಲ್ಕೈದು ಮೌಲ್ಯಗಳಿದ್ದರೆ ಅವನ್ನು ಒಂದು ಡೇಟಾಕ್ಲಾಸ್ (ಮೌಲ್ಯಗಳನ್ನು ಒಟ್ಟಿಗೆ ಇಡಲೆಂದೇ ಇರುವ ಕ್ಲಾಸ್) ಆಗಿ ಕಟ್ಟಿ.

ಟೈಪ್ ಹಿಂಟ್ ಹಾಕಿದ್ದೀನಿ. ಆದರೂ ತಪ್ಪು ಟೈಪ್ ಒಳಗೆ ಹೋಗುತ್ತೆ.

ಉದ್ದ: ಇಂಟ್ ಎಂದು ಬರೆದರೂ ಓಡುವಾಗ ಪೈಥಾನ್ ಅದನ್ನು ಪರಿಶೀಲಿಸುವುದಿಲ್ಲ. 2015ರ 3.5 ಆವೃತ್ತಿಯಲ್ಲಿ ಟೈಪ್ ಹಿಂಟ್‌ಗಳಿಗೆ ಈಗಿನ ರೂಪ ಬಂದಾಗಿನಿಂದಲೂ ಹೀಗೆಯೇ. ಅದನ್ನು ಓದಿ ತಪ್ಪು ಹಿಡಿಯುವುದು ಮೈಪೈ, ಪೈರೈಟ್‌ನಂಥ ಪ್ರತ್ಯೇಕ ಸಲಕರಣೆಗಳು. ಕೋಡ್ ಓಡಿಸುವ ಮೊದಲು ನೀವೇ ಆ ಸಲಕರಣೆಗಳನ್ನು ಓಡಿಸಬೇಕು. ಹೊರಗಿನಿಂದ ಬರುವ ಮೌಲ್ಯಗಳಿಗಂತೂ ಫಂಕ್ಷನ್‌ನ ಮೊದಲ ಸಾಲುಗಳಲ್ಲಿ ನಿಮ್ಮದೇ ಪರೀಕ್ಷೆ ಬೇಕು, ಸರಿಯಿಲ್ಲದಿದ್ದರೆ ಅರ್ಥವಾಗುವ ಸಂದೇಶದೊಂದಿಗೆ ಎರರ್ ಎತ್ತಿ.

ಟೈಪ್ ಸರಿ, ಕ್ರಮ ಸರಿ, ಎಣಿಕೆ ಸರಿ. ಆದರೂ ಉತ್ತರ ತಪ್ಪು. ಇನ್ನೇನು ಉಳಿಯಿತು?

ಅಳತೆಯ ಮಾನ. ಸೈನ್(90) ಎಂದರೆ 1 ಬರಬೇಕೆಂದು ಕಾದವರಿಗೆ 0.894 ಬರುತ್ತದೆ, ಏಕೆಂದರೆ ಅದು ರೇಡಿಯನ್ ಕೇಳುತ್ತದೆ, ಡಿಗ್ರಿಯಲ್ಲ. ಪೈಥಾನ್‌ನ ಸ್ಲೀಪ್(5) ಐದು ಸೆಕೆಂಡು ಕಾಯುತ್ತದೆ, ಜಾವಾಸ್ಕ್ರಿಪ್ಟ್‌ನ ಸೆಟ್‌ಟೈಮ್‌ಔಟ್‌ಗೆ 5 ಕೊಟ್ಟರೆ ಅದು ಐದು ಮಿಲಿಸೆಕೆಂಡು.

ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ಕಳೆದುಹೋದದ್ದು ಈ ಬಗೆಯ ತಪ್ಪಿನಿಂದ. ನೆಲದ ಮೇಲಿನ ಒಂದು ತಂತ್ರಾಂಶ ಥ್ರಸ್ಟರ್‌ಗಳ ತಳ್ಳುವಿಕೆಯನ್ನು ಪೌಂಡ್-ಫೋರ್ಸ್ ಸೆಕೆಂಡಿನಲ್ಲಿ ಬರೆಯಿತು, ಅದನ್ನು ಪಡೆದ ಇನ್ನೊಂದು ನ್ಯೂಟನ್ ಸೆಕೆಂಡು ಎಂದು ಓದಿಕೊಂಡಿತು. ಒಂದು ಪೌಂಡ್-ಫೋರ್ಸ್ ಎಂದರೆ ಸುಮಾರು 4.45 ನ್ಯೂಟನ್. ಎರಡು ಕಡೆಯೂ ಇದ್ದದ್ದು ಸಂಖ್ಯೆಯೇ, ಹಾಗಾಗಿ ಎಲ್ಲೂ ಎರರ್ ಏಳಲಿಲ್ಲ. ನೌಕೆ ಯೋಜಿಸಿದ್ದಕ್ಕಿಂತ ಬಹಳ ಕೆಳಗೆ, ಮಂಗಳನಿಗೆ ತೀರಾ ಹತ್ತಿರ ಹೋಯಿತು.

ನಾನು ಮಾಡುವುದಿಷ್ಟು: ಮಾನವನ್ನು ಪ್ಯಾರಾಮೀಟರ್‌ನ ಹೆಸರಿನಲ್ಲೇ ಬರೆಯುತ್ತೇನೆ, ಮತ್ತು ಅದನ್ನು ನಕ್ಷತ್ರದ ಬಲಕ್ಕೆ ಇಡುತ್ತೇನೆ. ಕಾಯಿ(*, ತಡ_ಸೆಕೆಂಡು) ಎಂದಿದ್ದರೆ ಕರೆಯುವವರು ತಡ_ಸೆಕೆಂಡು=5000 ಎಂದು ಪೂರ್ತಿ ಟೈಪ್ ಮಾಡಲೇಬೇಕು, ಮತ್ತು ಟೈಪ್ ಮಾಡುವಾಗಲೇ ಅವರ ಕೈ ತಡೆಯುತ್ತದೆ.